ನಾನು ತಿಂದರೆ ಅಕ್ಕನಿಗೆ ಉಪವಾಸ

ಜಾಲರಿ ಬಾಗಿಲಿನ ಚಿಲಕ ತೆಗೆಯುವ ಮೊದಲೇ ಅಕ್ಕ ನನ್ನ ಬಾಯಿ ನೋಡುತ್ತಿದ್ದಳು. ಮುಖವನ್ನಲ್ಲ, ಬಾಯಿಯನ್ನು. ತುಟಿಯ ಮೂಲೆಯಲ್ಲಿ ಎಣ್ಣೆ ಇದೆಯಾ, ಅಂಗಿಗೆ ಚಟ್ನಿ ಹತ್ತಿದೆಯಾ, ಉಸಿರಿನಲ್ಲಿ ಈರುಳ್ಳಿ ನಾತ ಇದೆಯಾ. ಕುಡಿದು ಗಾಡಿ ಓಡಿಸುವವರನ್ನು ಪೊಲೀಸರು ನಿಲ್ಲಿಸಿ ಮೂಸುತ್ತಾರಲ್ಲ, ಹಾಗೆ. ಆಮೇಲೆ ಒಂದೇ ಮಾತು.

"ಇವತ್ತು?"

"ಇಲ್ಲ ಅಕ್ಕ" ಅಂದರೆ ಚಿಲಕ ತೆಗೆಯುತ್ತಿದ್ದಳು, ಮಾರನೆಯ ದಿನ ಎಲ್ಲರಂತೆ ಉಣ್ಣುತ್ತಿದ್ದಳು. "ತಿಂದೆ" ಅಂದರೂ ಚಿಲಕ ತೆಗೆಯುತ್ತಿದ್ದಳು. ಆದರೆ ಮಾರನೆಯ ದಿನವೆಲ್ಲ ಅವಳಿಗೆ ನೀರು ಬಿಟ್ಟು ಬೇರೇನೂ ಇಲ್ಲ. ತಿಂದವನು ನಾನು, ಉಪವಾಸ ಅವಳಿಗೆ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅಡುಗೆ ಮಾಡಿ, ಭಾವನಿಗೆ ಡಬ್ಬಿ ಕಟ್ಟಿ, ಮಗಳಿಗೆ ಜಡೆ ಹಾಕಿ, ನನಗೂ ಬಡಿಸಿ, ಕೊನೆಗೆ ತನ್ನ ತಟ್ಟೆಯನ್ನು ಬೋರಲು ಹಾಕಿ ಎದ್ದು ಹೋಗುತ್ತಿದ್ದಳು.

ಪ್ರೀತಿಯಂತೆ ಇದು. ತಮ್ಮನ ಕುತ್ತಿಗೆಗೆ ಹಗ್ಗ ಹಾಕಿ ಇನ್ನೊಂದು ತುದಿ ತನ್ನ ಕುತ್ತಿಗೆಗೇ ಕಟ್ಟಿಕೊಂಡರೆ ಅದಕ್ಕೆ ಪ್ರೀತಿ ಅನ್ನುತ್ತಾರಾ?

ನಾನು ತುಮಕೂರಿನಲ್ಲಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಡ್ರಿಲ್ ಮೇಷ್ಟ್ರು ದಿನಾ ನನ್ನನ್ನು ಸಾಲಿನಿಂದ ಹೊರಗೆ ಕರೆದು, "ಇವನ ಹೊಟ್ಟೆ ಒಳಗೆ ಹೋಗೋವರೆಗೂ ಯಾರೂ ಕೈ ಇಳಿಸಬಾರದು" ಅನ್ನುತ್ತಿದ್ದ. ಹುಡುಗರ ಕೈ ನೋಯುತ್ತಿತ್ತು, ಆಮೇಲೆ ನನ್ನ ಬೆನ್ನು. ಒಂದು ದಿನ ಹೋಗಲೇ ಇಲ್ಲ. ಅಲ್ಲಿ ಇಲ್ಲಿ ದುಡಿದು ಏನೂ ಗಿಟ್ಟದೆ ಇದ್ದಾಗ ಅಮ್ಮ ನನ್ನನ್ನು ದೆಹಲಿಯ ರೈಲು ಹತ್ತಿಸಿದಳು. ಮಯೂರ್ ವಿಹಾರ್ ಫೇಸ್ ಒಂದರಲ್ಲಿ ಜಲಜಕ್ಕನ ಮನೆ. ಮೂರನೇ ಮಹಡಿಯಲ್ಲಿ ಸರ್ಕಾರದ ಡಿಡಿಎ ಕಟ್ಟಿಸಿದ ಫ್ಲ್ಯಾಟು, ಎದುರಿಗೆ ಮೆಟ್ರೋದವರು ಕಂಬ ಎಬ್ಬಿಸುವ ಧೂಳು. ಭಾವ ಚಂದ್ರಮೋಹನ ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಗುಮಾಸ್ತ. ಮಗಳು ಸಂಯುಕ್ತಾ ಎರಡನೇ ಕ್ಲಾಸು, ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುವವಳು.

ನೊಯ್ಡಾದ ಒಂದು ಕೊರಿಯರ್ ಆಫೀಸಿನಲ್ಲಿ ಭಾವನೇ ಕೆಲಸ ಕೊಡಿಸಿದ. ಸೈಕಲ್ಲಿನಲ್ಲಿ ಸೆಕ್ಟರ್ ಸೆಕ್ಟರ್ ಸುತ್ತಿ ಲಕೋಟೆ ಕೊಡುವುದು. ಅಷ್ಟು ತುಳಿದರೂ ಮೈ ಕರಗಲಿಲ್ಲ ಅಂತ ಭಾವನಿಗೆ ಆಶ್ಚರ್ಯ. "ಏಕನಾಥ ಅಂತ ಒಂದೇ ಹೆಸರಿಟ್ರು, ತಿನ್ನೋದು ಮಾತ್ರ ಹತ್ತು ನಾಥರ ಪಾಲು" ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿಗೆ ಈಗಲೂ ನನಗೆ ನನ್ನ ಹಲ್ಲು ಉದುರಿಸಬೇಕು ಅನ್ನಿಸುತ್ತದೆ.

ತಿನ್ನುವುದರಲ್ಲಿ ನನ್ನದೊಂದು ಕ್ರಮ ಇತ್ತು. ಒಂದು ಅಂಗಡಿಯಲ್ಲಿ ಒಂದೇ ಪ್ಲೇಟು. ಎರಡನೆಯದು ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ. ಹಾಗಾಗಿ ಛೋಲೆ ಭಟೂರೆ ಒಂದು ಕಡೆ, ಮುಂದಿನ ತಿರುವಿನಲ್ಲಿ ಸಮೋಸಾ, ರಸ್ತೆ ದಾಟಿ ಚೌಮಿನ್, ಆಮೇಲೆ ಬ್ರೆಡ್ ಪಕೋಡಾ. ಪ್ರತಿ ಅಂಗಡಿಯಲ್ಲೂ ನಾನು ಹಸಿದು ಬಂದ ಹೊಸ ಗಿರಾಕಿ. "ಔರ್ ಪ್ಯಾಜ್, ಭಯ್ಯಾ?" ಅಂತ ಪ್ರೀತಿಯಿಂದ ಈರುಳ್ಳಿ ಹಾಕುತ್ತಿದ್ದರು. ಕೊನೆಗೆ ಬಿಸ್ಕತ್ತಿನ ಪೊಟ್ಟಣ, ಅದು ಸೈಕಲ್ ಮೇಲೆಯೇ. ನಿಲ್ಲಿಸುವುದಕ್ಕೆ ಆಗುತ್ತಿರಲಿಲ್ಲ. ಹೊಟ್ಟೆ ಬಿರಿಯುವ ಹಾಗಾಗಿ, ಉಸಿರು ಮೇಲೆ ಹತ್ತಿ, ಯಾವುದಾದರೂ ಆಫೀಸಿನ ಹಿಂದಿನ ಗೋಡೆಗೆ ಒರಗಿ ನಿಂತಾಗಲೇ ನಿಲ್ಲುತ್ತಿದ್ದುದು.

ಆಸೆಬುರುಕ ಅನ್ನುತ್ತಾರೆ. ಆಸೆ ಇದ್ದರೆ ತಾನೇ! ಮೊದಲ ತುತ್ತಿಗೆ ರುಚಿ ಇರುತ್ತದೆ, ಎರಡನೆಯದಕ್ಕೆ ಒಂದಿಷ್ಟು. ಆಮೇಲೆ ಬಾಯಿಗೆ ಏನು ಹೋಗುತ್ತಿದೆ ಅಂತಲೂ ಗೊತ್ತಾಗುವುದಿಲ್ಲ. ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹಾಗೆ, ಬಾಯಿ ಖಾಲಿಯಾದರೆ ಅವನು ಹಿಡಿದುಬಿಡುತ್ತಾನೆ ಅನ್ನುವ ಹಾಗೆ ತಿನ್ನುವುದು. ಬಾಯಿ ಚಪಲ ಅಂತ ಹೇಳುವ ಒಬ್ಬೊಬ್ಬರನ್ನೂ ಹಿಡಿದು ಆ ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಚಪಲದ ಮುಖ ಹಾಗಿರುವುದಿಲ್ಲ.

ಆ ವರ್ಷ ಯುಗಾದಿಗೆ ಭಾವನ ಮೇಲಧಿಕಾರಿ ದಕ್ಷಿಣಾಮೂರ್ತಿಗಳು ಹೆಂಡತಿ ಸಮೇತ ಊಟಕ್ಕೆ ಬರುವವರಿದ್ದರು. ಕನ್ನಡದವರು, ಮೈಸೂರಿನ ಕಡೆ. ದೆಹಲಿಯಲ್ಲಿ ಒಳ್ಳೆಯ ಒಬ್ಬಟ್ಟು ಸಿಗೋಲ್ಲ ಅಂತ ಅವರು ಎಂದೋ ಅಂದಿದ್ದರಂತೆ. ಅಕ್ಕ ಹಬ್ಬದ ಹಿಂದಿನ ದಿನವೇ ಬೇಳೆ ಬೇಯಿಸಿ, ಹೂರಣ ರುಬ್ಬಿ, ಒಂದೊಂದೇ ತಟ್ಟಿ ಬೇಯಿಸಿ ಸ್ಟೀಲ್ ಡಬ್ಬಿ ತುಂಬ ಇಟ್ಟಳು. ಹಬ್ಬದ ಬೆಳಿಗ್ಗೆ ಮೂವರೂ ದೇವಸ್ಥಾನಕ್ಕೆ ಹೋದರು. ಮನೆಯಲ್ಲಿ ನಾನು ಮತ್ತು ಡಬ್ಬಿ.

ಅತಿಥಿಗಳು ಎಲೆಯ ಮುಂದೆ ಕೂತರು. ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಬೆಣ್ಣೆ ಕಾಗದ ಇತ್ತು, ಅಷ್ಟೇ.

"ಸಾರ್, ನೀವು ಸ್ವಲ್ಪ ಲೇಟಾದಿರಿ" ಅಂದ ಭಾವ, ನಗುತ್ತಾ. "ನಮ್ಮನೇಲಿ ಬಕಾಸುರನಿಗೆ ಮೊದಲ ಪಂಕ್ತಿ."

ದಕ್ಷಿಣಾಮೂರ್ತಿಗಳ ಹೆಂಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಪಾಪ, ಬೆಳೆಯೋ ಹುಡುಗ" ಅಂದರು. ನನಗೆ ಇಪ್ಪತ್ತಮೂರು ವರ್ಷ.

ಅವರು ಹೋದ ಮೇಲೆ ಭಾವ ನಗು ನಿಲ್ಲಿಸಿ ಬೈದ. ಅಕ್ಕ ಬೈಯಲಿಲ್ಲ. ಅರಿಶಿನದಲ್ಲಿ ಬಟ್ಟೆ ಅದ್ದಿ, ಅದರಲ್ಲೊಂದು ನಾಣ್ಯವಿಟ್ಟು ಗಂಟು ಹಾಕಿ, ಅಡುಗೆಮನೆಯ ಕಪಾಟಿನ ದೇವರ ಮುಂದೆ ಇಟ್ಟಳು. ಮನೆದೇವರು ಸೀಬಿ ನರಸಿಂಹಸ್ವಾಮಿಗೆ ಮುಡಿಪು. ನನ್ನ ಈ ತಿನ್ನುವ ಚಾಳಿ ಬಿಡುವವರೆಗೆ ನಾನು ದಿನಕ್ಕೆ ಒಪ್ಪತ್ತು ಊಟ ಮಾಡಬೇಕು, ಬೆಳಿಗ್ಗೆ ಒಂದು ಸಲ, ಅದು ಬಿಟ್ಟು ಏನೂ ಮುಟ್ಟಬಾರದು. ನಾನು ತಪ್ಪಿದರೆ ತಾನು ಉಪವಾಸ. ಚಾಳಿ ಪೂರ್ತಿ ಬಿಟ್ಟ ಮೇಲೆ ಇಬ್ಬರೂ ಸೀಬಿಗೆ ಹೋಗಿ ಮುಡಿಪು ಒಪ್ಪಿಸುವುದು.

"ನನ್ನನ್ನ ಒಂದು ಮಾತು ಕೇಳಿದೆಯಾ?" ಅಂದೆ.

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ನಾನೇನೂ ಕಲ್ಲಲ್ಲ. ಅಕ್ಕನಿಗಾಗಿ ನಿಜವಾಗಿಯೂ ಪ್ರಯತ್ನ ಮಾಡಿದೆ. ಬೆಳಿಗ್ಗೆ ಉಂಡು ಹೊರಟರೆ ಮಧ್ಯಾಹ್ನದವರೆಗೆ ಪರವಾಗಿರಲಿಲ್ಲ. ಏಪ್ರಿಲ್ ಕಳೆದು ಮೇ ಬಂತು. ಬಿಸಿಗಾಳಿ ಮುಖಕ್ಕೆ ಒಲೆ ಹಿಡಿದ ಹಾಗೆ. ಡಾಂಬರು ಕರಗಿ ಸೈಕಲ್ ಚಕ್ರಕ್ಕೆ ಅಂಟುತ್ತಿತ್ತು. ಮೂರು ಗಂಟೆಗೆ ಕೈ ನಡುಗುವುದು, ನಾಲ್ಕಕ್ಕೆ ಕಣ್ಣು ಮಂಜು, ಲಕೋಟೆಯ ಮೇಲಿನ ವಿಳಾಸ ಓದಲಿಕ್ಕೆ ಆಗುತ್ತಿರಲಿಲ್ಲ. ತಲೆಯಲ್ಲಿ ಬೇರೆ ಏನೂ ಇಲ್ಲ, ಊಟ, ಊಟ, ಊಟ. ಐದು ಗಂಟೆಗೆ ಎಲ್ಲೋ ಒಂದು ಗಾಡಿಯ ಮುಂದೆ ನಿಂತಿರುತ್ತಿದ್ದೆ. ನಿಂತಮೇಲೆ ಮುಗಿಯಿತು. ಮುಂಚೆ ನಾಲ್ಕು ಅಂಗಡಿ ಆಗುತ್ತಿದ್ದದ್ದು ಈಗ ಆರಾಗುತ್ತಿತ್ತು. ಮುಂಚೆ ವಾರಕ್ಕೊಮ್ಮೆಯೋ ಎರಡು ಸಲವೋ, ಈಗ ಹೆಚ್ಚು ಕಡಿಮೆ ದಿನಾ.

ಮೊದಲ ಸಲ ನಿಜ ಹೇಳಿದೆ. ಮಾರನೆಯ ದಿನ ಸಂಜೆ ಮನೆಗೆ ಬಂದಾಗ ಅಕ್ಕ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಅವಳು ಮೊದಲೇ ಕಡ್ಡಿ. ಸಂಯುಕ್ತಾ ಹುಟ್ಟಿದಾಗಿನಿಂದ ರಕ್ತ ಕಡಿಮೆ ಅಂತ ಮಾತ್ರೆ ನುಂಗುವವಳು. ಆ ಉಪವಾಸದ ಮುಖ ನೋಡಿ ನನಗೆ ಏನಾಗಬೇಕಿತ್ತು? ನಾಚಿಕೆಯಾಗಿ ತಿನ್ನುವುದು ನಿಲ್ಲಬೇಕಿತ್ತು ಅಲ್ಲವಾ? ಅವಳ ಲೆಕ್ಕ ಅದೇ ಇತ್ತು. ಆದರೆ ಆ ಮುಖ ತಲೆಯೊಳಗೆ ಕೂತರೆ ಅದನ್ನು ಅಳಿಸಲು ನನಗೆ ಗೊತ್ತಿದ್ದ ದಾರಿ ಒಂದೇ. ಆ ದಾರಿಯ ಕೊನೆಯಲ್ಲಿ ಭಟೂರೆ ಕರಿಯುವವನು ನಿಂತಿರುತ್ತಿದ್ದ.

ಹೀಗೆ ಕೆಲವು ಸಲ ಆಯಿತು. ಆಮೇಲೆ ಸುಳ್ಳು ಶುರು ಮಾಡಿದೆ. ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಬಾಯಿ ತೊಳೆದು, ಸೋಂಪು ಅಗಿದು ಉಗಿದು, ಅಂಗಿಯ ಗುಂಡಿಗಳನ್ನು ಪರೀಕ್ಷೆ ಮಾಡಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. "ಇವತ್ತು?" "ಇಲ್ಲ ಅಕ್ಕ." ಅವಳ ಮುಖ ಅರಳುತ್ತಿತ್ತು. ಮಾರನೆಯ ದಿನ ನನ್ನ ಎದುರು ಕೂತು ಅನ್ನ ಸಾರು ಕಲಸಿ ಉಣ್ಣುತ್ತಿದ್ದಳು. ಅವಳು ಉಣ್ಣುವುದನ್ನು ನೋಡುವುದಕ್ಕಾಗಿ ನಾನು ಎಂಥ ಸುಳ್ಳು ಬೇಕಾದರೂ ಹೇಳುತ್ತಿದ್ದೆ. ಅಕ್ಕನ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಊರಿಗೆ ಫೋನ್ ಮಾಡಿ, "ಅಮ್ಮಾ, ಸ್ವಾಮಿ ಕಣ್ಣು ಬಿಟ್ಟ" ಅಂದಳು. ನಾನು ಪಕ್ಕದ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ.

"ಆದ್ರೂ ಇಳೀತಿಲ್ವಲ್ಲೇ ಇವನು?" ಅಂದ ಭಾವ.

"ವರ್ಷಗಟ್ಟಲೆ ಸೇರಿಕೊಂಡಿದ್ದು, ಒಂದೇ ಸಲ ಇಳಿಯತ್ತಾ? ನೀವು ಸುಮ್ನಿರಿ, ದೃಷ್ಟಿ ಹಾಕಬೇಡಿ."

ಜುಲೈನಲ್ಲಿ ಶಾಲೆ ಮತ್ತೆ ಶುರುವಾಯಿತು. ಸಂಯುಕ್ತಾಳ ಕ್ಲಾಸಿನವರನ್ನು ಯಾವುದೋ ಕಾರ್ಖಾನೆ ತೋರಿಸಲು ನೊಯ್ಡಾಕ್ಕೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ಕರೆತಂದಿದ್ದರು. ಅವತ್ತು ರಾತ್ರಿ ಅವರೆಲ್ಲ ಊಟಕ್ಕೆ ಕೂತಾಗ ಅವಳು ಕಾಲು ಆಡಿಸುತ್ತಾ ನನಗೆ ಹೇಳಿದಳು:

"ಮಾಮಾ, ನಾನು ಬಸ್ಸಿಂದ ಕೈ ಮಾಡಿದೆ. ಆಪ್‌ನೇ ದೇಖಾ ಹೀ ನಹೀಂ."

"ಎಲ್ಲಿ ಪುಟ್ಟಾ?" ಅಂದಳು ಅಕ್ಕ.

"ಭಟೂರೆವಾಲಾ ಹತ್ರ. ಮಾಮಾ ತಿಂತಾ ಇದ್ರು. ಇತ್ನಾ ಬಡಾ ಭಟೂರಾ. ಆಮೇಲೆ ಬಸ್ ರೆಡ್ ಲೈಟಲ್ಲಿ ನಿಂತಾಗ ಸಮೋಸಾ ಹತ್ರ ಕೂಡ ಇದ್ರು. ನನ್ನ ಫ್ರೆಂಡ್‌ಗೆ ಹೇಳಿದೆ, ವೋ ಮೇರೆ ಮಾಮಾ ಹೈಂ."

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ತನ್ನ ತಟ್ಟೆಯಲ್ಲಿದ್ದ ಅನ್ನದ ಮೇಲೆ ನೀರು ಸುರಿದಳು.

"ಎಷ್ಟು ದಿನದಿಂದ?"

ನಾನು ಸಂಯುಕ್ತಾಳ ಲೋಟಕ್ಕೆ ನೀರು ಬಗ್ಗಿಸಿದೆ.

"ಹಾಗಾದರೆ ನಾನು ಉಂಡಿದ್ದೆಲ್ಲ ಸುಳ್ಳು. ಸ್ವಾಮಿ ಮುಂದೆ ನಿನ್ನ ಜೊತೆ ನಾನೂ ಸುಳ್ಳು ಹೇಳಿದ ಹಾಗಾಯ್ತು."

ಸುಳ್ಳಿನ ದಿನಗಳನ್ನೆಲ್ಲ ತೀರಿಸುತ್ತೇನೆ ಅಂತ ಅಕ್ಕ ಒಂದೇ ಸಮನೆ ಉಪವಾಸ ಕೂತಳು. ಭಾವ ಬೇಡಿಕೊಂಡ, ಕೂಗಾಡಿದ, ಪೇಪರ್ ಎಸೆದ. "ನಿಮ್ಮ ವಂಶದಲ್ಲಿ ಒಬ್ಬರು ಹೊಟ್ಟೆ ಬಿರಿಯ ತಿಂತೀರಿ, ಇನ್ನೊಬ್ಬರು ತಿನ್ನದೇ ಸಾಯ್ತೀರಿ. ನಡುವೆ ಒಂದು ಮನುಷ್ಯರ ಊಟ ಅನ್ನೋದು ಗೊತ್ತೇ ಇಲ್ವಾ?" ಅಂದ. ಭಾವನ ಬಾಯಿಂದ ಬಂದ ಮಾತುಗಳಲ್ಲಿ ನಾನು ಒಪ್ಪಿದ್ದು ಅದೊಂದನ್ನೇ. ಅಕ್ಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೂರನೇ ದಿನ ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ನಿಂತವಳು ಬಿದ್ದಳು. ಬೀಳುವಾಗ ಕಬ್ಬಿಣದ ಕಂಬಿಗೆ ಹಣೆ ತಾಗಿತು.

ಸರ್ಕಾರಿ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳು. ಅಕ್ಕನ ತೋಳಿಗೆ ಗ್ಲೂಕೋಸು ಚುಚ್ಚಿದ ಡಾಕ್ಟರಮ್ಮ, ಭಾವನನ್ನು ತಿರುಗಿ ನೋಡಿ ಹಿಂದಿಯಲ್ಲಿ ಕೇಳಿದಳು: "ಮನೆಯಲ್ಲಿ ಊಟ ಕೊಡಲ್ವಾ ಇವಳಿಗೆ?"

ಭಾವನ ಮುಖ ಕಪ್ಪಿಟ್ಟಿತು. "ಇವನನ್ನ ಕೇಳಿ ಮೇಡಂ" ಅಂತ ನನ್ನನ್ನು ಮುಂದೆ ನೂಕಿದ.

ನನಗೆ ಸಿಟ್ಟು ಎಲ್ಲಿತ್ತೋ. ವಾರ್ಡಿನ ನಡುವೆ ನಿಂತು ಒದರಿಬಿಟ್ಟೆ. ನಾನು ತಿನ್ನುತ್ತೇನೆ, ನಿಲ್ಲಿಸಲಿಕ್ಕೆ ಆಗುವುದಿಲ್ಲ, ನಾನು ತಿಂದರೆ ಇವಳು ತಿನ್ನುವುದಿಲ್ಲ, ಅದಕ್ಕೆ ಬಿದ್ದಿದ್ದಾಳೆ, ಏನು ಮಾಡ್ತೀರೋ ಮಾಡಿ ನನಗೆ. ಆಮೇಲೆ ಯಾರೋ ನಕ್ಕರು. ಪಕ್ಕದ ಮಂಚದಲ್ಲಿ ಒಂದು ಹೆಂಗಸು ಕಾಲು ಕಡ್ಡಿಯಾದ ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳು ನಗಲಿಲ್ಲ. ನನ್ನ ಹೊಟ್ಟೆ ನೋಡಿದಳು, ಮಗುವನ್ನು ನೋಡಿದಳು, ಮತ್ತೆ ನನ್ನ ಹೊಟ್ಟೆ ನೋಡಿದಳು. ಅವಳು ಎದ್ದು ಬಂದು ನನ್ನ ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲ.

ಡಾಕ್ಟರಮ್ಮ ಒಂದು ಚೀಟಿ ಬರೆದು ಮೇಲಿನ ಮಹಡಿಗೆ ಹೋಗು ಅಂದಳು. ಭಾವ ಚೀಟಿ ಓದಿದ. "ಹುಚ್ಚರ ಡಾಕ್ಟರಾ? ಅದೊಂದು ಬಾಕಿ ಇತ್ತು."

ಮೇಲೆ ಕೂತಿದ್ದವನು ನನಗಿಂತ ಸ್ವಲ್ಪ ದೊಡ್ಡವನು. ಕಣ್ಣು ಕೆಂಪು, ಮೇಜಿನ ಮೇಲೆ ಕೆನೆಗಟ್ಟಿದ ಟೀ. ಬಾಗಿಲಲ್ಲಿ ಜನ ಒಬ್ಬರನ್ನೊಬ್ಬರು ನೂಕುತ್ತಿದ್ದರು. ನಾನು ಹೇಳಿದ್ದನ್ನು ಅರ್ಧಕ್ಕೇ ತಡೆದು ಕೇಳಿದ:

"ಬೆಳಿಗ್ಗೆ ಉಂಡು ಹೋದವನು ಸಂಜೆವರೆಗೆ ಏನು ತಿಂತೀಯ?"

"ಏನೂ ಇಲ್ಲ ಸಾಬ್. ಹರಕೆ."

"ಬಿಡು ಹರಕೆ. ಬೆಳಿಗ್ಗೆ ತಿನ್ನು, ಮಧ್ಯಾಹ್ನ ತಿನ್ನು, ಸಂಜೆ ಏನಾದರೂ ಸ್ವಲ್ಪ, ರಾತ್ರಿ ತಿನ್ನು. ಹಸಿವಾಗಲಿ ಬಿಡಲಿ, ಹೊತ್ತಿಗೆ ಸರಿಯಾಗಿ."

ನನಗೆ ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. "ನಾನು ಜಾಸ್ತಿ ತಿಂತೀನಿ ಅಂತ ಬಂದಿದ್ದು ಸಾಬ್."

"ಕಿವಿ ಇದೆ ನನಗೆ. ದಿನವಿಡೀ ಹೊಟ್ಟೆಯನ್ನ ಕಟ್ಟಿಹಾಕ್ತೀಯ, ಸಂಜೆ ಅದು ಹಗ್ಗ ಹರ್ಕೊಂಡು ಓಡುತ್ತೆ. ನಾಳೆಯೇ ನಿಲ್ಲಲ್ಲ. ಮತ್ತೆ ಮತ್ತೆ ಆಗುತ್ತೆ. ಆದ ದಿನವೂ ರಾತ್ರಿ ಊಟ ಬಿಡಬೇಡ. ಅದೇ ಕಷ್ಟ. ಅದನ್ನು ಬಿಟ್ಟೆ ಅಂದ್ರೆ ಮಾರನೇ ದಿನ ಮತ್ತೆ ಓಡ್ತೀಯ. ಎರಡು ವಾರ ಬಿಟ್ಟು ಬಾ. ನೆಕ್ಸ್ಟ್!"

ಇಷ್ಟೇ. ಡ್ರಿಲ್ ಮೇಷ್ಟ್ರಿಂದ ಹಿಡಿದು ಭಾವನವರೆಗೆ ಎಲ್ಲರೂ ಕಮ್ಮಿ ತಿನ್ನು ಅಂದವರೇ. ತಿನ್ನು ಅಂದವನು ಇವನೊಬ್ಬ. ಮೆಟ್ಟಿಲು ಇಳಿಯುವಾಗ ನನಗೆ ನಗು ಬಂತು, ಆಮೇಲೆ ಅರ್ಧದಲ್ಲೇ ನಿಂತುಬಿಟ್ಟೆ. ಯಾಕೆಂದರೆ ನಾನು ಹೊತ್ತು ಹೊತ್ತಿಗೆ ಉಂಡರೆ ದಿನಾ ಹರಕೆ ಮುರಿದ ಹಾಗೆ. ನನಗೆ ವಾಸಿಯಾಗಬೇಕಾದರೆ ಅಕ್ಕ ದಿನಾ ಉಪವಾಸ ಬೀಳಬೇಕು.

ಅಕ್ಕನನ್ನು ಮನೆಗೆ ಕರೆತಂದ ದಿನವೇ ಕೇಳಿದೆ. "ಆ ಗಂಟು ಬಿಚ್ಚಿಬಿಡು."

ಅವಳು ಹಣೆಯ ಪಟ್ಟಿ ಮುಟ್ಟಿಕೊಂಡು ನಕ್ಕಳು. "ಅದೇನು ಅಂಗಡಿ ಸಾಮಾನಾ, ವಾಪಸ್ ಕೊಡೋಕೆ? ನರಸಿಂಹಸ್ವಾಮಿ ಕಣೋ. ಉಗ್ರ ದೇವರು. ಕೈಮುಗಿದು ಕಟ್ಟಿ, ಕೈಯಾರೆ ಬಿಚ್ಚಿದರೆ ಬಿಡ್ತಾನಾ? ಮನೇಲಿ ಚಿಕ್ಕದೊಂದಿದೆ."

"ಡಾಕ್ಟರು ಹೇಳಿದಾನೆ ಅಕ್ಕ. ಒಪ್ಪತ್ತಿನಿಂದಲೇ ಹೆಚ್ಚಾಗ್ತಿರೋದು ಅಂತ."

"ಡಾಕ್ಟರಿಗೆ ಮಕ್ಕಳಿವೆಯಾ?"

"ಹಾಗಾದ್ರೆ ನೀನು ಉಣ್ಣು. ದೇವರಿಗೆ ನನ್ನನ್ನ ಹಿಡ್ಕೊಳ್ಳೋಕೆ ಹೇಳು."

"ನಿನ್ನ ಬದಲು ನಾನು ಅಂತ ಹೇಳಿ ಆಗಿದೆ" ಅಂದಳು.

ಭಾವ ಅವತ್ತು ನನ್ನನ್ನು ಬಾಲ್ಕನಿಗೆ ಕರೆದ. ಮೊದಲ ಸಲ ಅವನ ದನಿಯಲ್ಲಿ ಕುಹಕ ಇರಲಿಲ್ಲ. "ಮಾನೇಸರ್‌ನಲ್ಲಿ ನನ್ನ ಸ್ನೇಹಿತನೊಬ್ಬ ಇದಾನೆ. ಅವನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ರೂಮೂ ಕೊಡ್ತಾರೆ. ಹೋಗಿಬಿಡು ಮಾರಾಯ. ಕಣ್ಣಿಗೆ ಕಾಣದಿದ್ರೆ ಉಣ್ತಾಳೇನೋ."

"ಫೋನ್ ಮಾಡಿ ಕೇಳ್ತಾಳೆ ಭಾವ. ಆಗಲೂ ಹೇಳಬೇಕಲ್ಲ."

ಅವನು ಕಂಬಿ ಹಿಡಿದು ಕೆಳಗೆ ಅಗೆದ ರಸ್ತೆ ನೋಡುತ್ತಾ ನಿಂತ. "ಸುಳ್ಳು ಹೇಳು."

"ಹೇಳಿ ನೋಡಿದ್ದಾಯ್ತಲ್ಲ."

ಮಾರನೆಯ ದಿನದಿಂದ ನಾನು ಉಣ್ಣಲು ಶುರು ಮಾಡಿದೆ. ಉಣ್ಣುವುದಕ್ಕೆ ಧೈರ್ಯ ಬೇಕು ಅಂತ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಬೆಳಿಗ್ಗೆ ಅವಲಕ್ಕಿ ಕಲಸಿಕೊಂಡೆ. ಮಧ್ಯಾಹ್ನಕ್ಕೆ ನಾನೇ ಚಪಾತಿ ಸುತ್ತಿಕೊಂಡು ಹೋದೆ. ನಾಲ್ಕಕ್ಕೆ ಒಂದು ಬಾಳೆಹಣ್ಣು. ಮೊದಲ ದಿನ ಐದು ಗಂಟೆಗೆ ಕೈ ನಡುಗಲಿಲ್ಲ. ಎರಡನೆಯ ದಿನವೂ. ಮೂರನೆಯ ದಿನ ಯಾವುದೋ ಆಫೀಸಿನ ಸೆಕ್ಯೂರಿಟಿಯವನು ಲಿಫ್ಟ್ ಬಳಿ, "ಮೋಟು, ನೀನು ಮೆಟ್ಟಿಲು ಹತ್ತು, ಲಿಫ್ಟು ನಿಂತುಹೋಗುತ್ತೆ" ಅಂದ. ಐದು ಅಂಗಡಿ ಮುಗಿಸಿದೆ.

ಮನೆಗೆ ಬಂದು ಅಕ್ಕ ಕೇಳುವ ಮೊದಲೇ ಹೇಳಿದೆ. "ತಿಂದೆ. ಐದು ಕಡೆ. ಈಗ ಊಟಾನೂ ಮಾಡ್ತೀನಿ."

ತಟ್ಟೆ ಹಾಕಿಕೊಂಡೆ. ಎರಡು ಚಪಾತಿ, ಒಂದು ಸೌಟು ಬೇಳೆ. ಗಂಟಲವರೆಗೂ ತುಂಬಿತ್ತು, ಆದರೂ ಸ್ವಲ್ಪ ಸ್ವಲ್ಪವೇ ಮುರಿದು ತಿಂದೆ. ಆ ಎರಡು ಚಪಾತಿಯಷ್ಟು ಕಷ್ಟದ ಊಟ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ರಾತ್ರಿ ಒಂದು ಲೋಟ ಹಾಲು, ದೇವರ ಮುಂದಿಟ್ಟ ಬಾಳೆಹಣ್ಣು ಅಷ್ಟಕ್ಕೆ ಒಪ್ಪಿದ್ದಳು. ನಾನು ತಿಂದು ತಟ್ಟೆ ತೊಳೆದೆ. ಅವಳು ಹಾಲು ಕುಡಿದಳು.

ಹಾಗೇ ದಿನಗಳು ಹೋದವು. ನಾನು ಉಣ್ಣುವುದು, ಅವಳು ನೋಡುವುದು. ಅವಳ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ನನಗೆ ಕೆಟ್ಟ ದಿನಗಳು ಕಡಿಮೆಯಾಗುತ್ತಿದ್ದವು. ಅದು ನನಗೆ ಗೊತ್ತಾಗುತ್ತಿತ್ತು, ಅದಕ್ಕೆ ಖುಷಿಪಡಲು ಆಗುತ್ತಿರಲಿಲ್ಲ. ಅವಳ ಮೈಯಿಂದ ಕಿತ್ತುಕೊಂಡು ನನಗೆ ವಾಸಿಯಾಗುತ್ತಿದ್ದ ಹಾಗಿತ್ತು. ಎಷ್ಟೋ ಸಲ ಅನ್ನಿಸಿತು, ಮತ್ತೆ ಹಳೆಯದಕ್ಕೇ ಹೋಗಿಬಿಡೋಣ, ಕದ್ದು ತಿಂದು ಸುಳ್ಳು ಹೇಳೋಣ, ಅಕ್ಕ ಬದುಕಲಿ. ಆದರೆ ಅವಳು ಈಗ ನಂಬುತ್ತಿರಲಿಲ್ಲ. ಆ ಬಾಗಿಲು ನಾನೇ ಮುಚ್ಚಿಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ. ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಭಾವ, ನಾನು, ಸಂಯುಕ್ತಾ ನೆಲದ ಮೇಲೆ ಕೂತಿದ್ದೆವು. ನಾನು ಮೊದಲ ತುತ್ತು ಎತ್ತಿದೆ. ಸಂಯುಕ್ತಾ ತನ್ನ ಪುಟ್ಟ ತಟ್ಟೆಯನ್ನು ಬಾತ್ ಸಮೇತ ಬೋರಲು ಹಾಕಿದಳು.

"ಏಯ್! ಏನೇ ಇದು?" ಅಂದ ಭಾವ.

"ನಾನು ಉಪವಾಸ್."

"ಯಾಕೆ?"

"ಮಾಮಾ ತಿಂದ್ರಲ್ಲ. ಮಮ್ಮಿ ಉಪವಾಸ್, ನಾನು ಭೀ. ನಾನು ಕಲ್ ಸ್ಕೂಲಲ್ಲಿ ಟಿಫಿನ್ ಕೂಡ ತಿಂದಿಲ್ಲ. ಡಸ್ಟ್‌ಬಿನ್ನಲ್ಲಿ ಫೇಂಕ್ ದಿಯಾ." ಅವಳ ಮುಖದಲ್ಲಿ ಹೆಮ್ಮೆ ಇತ್ತು. "ಭಗವಾನ್‌ಜಿ ಖುಷ್ ಆಗ್ತಾರೆ."

ಅಕ್ಕ ಎದ್ದು ಬಂದು ಮಗುವಿನ ಕೆನ್ನೆಗೆ ಹೊಡೆದಳು. ಜನ್ಮದಲ್ಲಿ ಒಮ್ಮೆಯೂ ಕೈ ಎತ್ತದವಳು. ಆಮೇಲೆ ನೆಲದ ಮೇಲೆ ಚೆಲ್ಲಿದ ಬಾತನ್ನೇ ಬಾಚಿ ಮಗುವಿನ ಬಾಯಿಗೆ ತುರುಕಿದಳು. ಮಗು ಹಲ್ಲು ಕಚ್ಚಿಕೊಂಡಿತು. ಬಾತ್ ಕೆನ್ನೆಯ ಮೇಲೆ, ಫ್ರಾಕಿನ ಮೇಲೆ ಇಳಿಯಿತು.

"ಪೆಹ್ಲೇ ನೀನು" ಅಂತ ಅತ್ತಿತು ಮಗು. "ಮಮ್ಮಿ, ಮೊದಲು ನೀನು ತಿನ್ನು."

ಅಕ್ಕ ಕೈಯಲ್ಲಿದ್ದದ್ದನ್ನು ನೋಡಿದಳು. ದೇವರ ಕಪಾಟಿನ ಕಡೆ ನೋಡಿದಳು. ಬಾಯಿಗೆ ಹಾಕಿಕೊಂಡಳು. ಅಗಿಯದೆ ನುಂಗಿದಳು. ಇನ್ನೊಂದು ತುತ್ತು ಮಗುವಿಗೆ, ಒಂದು ತನಗೆ, ಮತ್ತೆ ಮಗುವಿಗೆ. ಕಣ್ಣಿಂದ ನೀರು ಸುರಿದು ಗಲ್ಲದಿಂದ ತಟ್ಟೆಗೆ ಬೀಳುತ್ತಿತ್ತು. ಭಾವ ಬೇರೆ ಕಡೆ ತಿರುಗಿ ಕೂತ. ನಾನು ನನ್ನ ತಟ್ಟೆ ಮುಗಿಸಿದೆ. ಮುಗಿಸಬೇಕಿತ್ತು.

ಅಂದಿನಿಂದ ಅಕ್ಕ ಉಣ್ಣುತ್ತಾಳೆ. ಮೂರು ಹೊತ್ತೂ, ಮಗಳು ನೋಡುವ ಹಾಗೆ ಎದುರಿಗೆ ಕೂತು. ನನ್ನ ಜೊತೆ ಮಾತಿಲ್ಲ. ಬಾಗಿಲಲ್ಲಿ ಏನೂ ಕೇಳುವುದಿಲ್ಲ, ಚಿಲಕ ತೆಗೆದು ಒಳಗೆ ಹೋಗುತ್ತಾಳೆ. ನಾನು ಗೆದ್ದೆ ಅಂತ ಭಾವ ಒಮ್ಮೆ ನನ್ನ ಭುಜ ತಟ್ಟಿದ. ಕೈ ತೆಗೆಯಿರಿ ಅಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸಂಯುಕ್ತಾಳಿಗೆ ಜ್ವರ ಬಂತು. ದೆಹಲಿಯಲ್ಲಿ ಆ ದಿನಗಳಲ್ಲಿ ಯಾರ ಮನೆಯಲ್ಲಿ ಜ್ವರ ಇರುವುದಿಲ್ಲ ಹೇಳಿ. ಕಾಲೋನಿಯ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟ. ರಿಪೋರ್ಟು ತರಲು ಭಾವ ಹೋಗಿದ್ದ. ಸಂಜೆ ಏಳೂವರೆ. ನನ್ನ ಊಟದ ಹೊತ್ತು.

ಅಡುಗೆಮನೆಯಲ್ಲಿ ಅನ್ನ ಇತ್ತು. ಒಳಕೋಣೆಯಲ್ಲಿ ಮಗು ನರಳುತ್ತಿತ್ತು. ಅಕ್ಕ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದವಳು ತಲೆಯೆತ್ತಿ ಬಾಗಿಲಿನಾಚೆ ನನ್ನನ್ನೇ ನೋಡಿದಳು. ಏನು ಯೋಚಿಸುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಇವನು ಉಂಡ, ನಾನು ಉಂಡೆ, ಈಗ ಇವಳಿಗೆ ಬಂತು. ನನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ನಾನು ಎಲ್ಲ ಕಡೆ ಹೇಳುತ್ತೇನೆ. ಆ ಹೊತ್ತಿನಲ್ಲಿ ಹೇಳಿ ಅಂದರೆ ಹೇಳುತ್ತಿರಲಿಲ್ಲ.

ಇವತ್ತೊಂದು ಹೊತ್ತು ಬಿಟ್ಟುಬಿಡೋಣ ಅನ್ನಿಸಿತು. ಒಂದೇ ಹೊತ್ತು. ಅವಳ ಸಮಾಧಾನಕ್ಕೆ. ಬಿಟ್ಟರೆ ನಾಳೆ ಐದು ಗಂಟೆಗೆ ನಾನು ಎಲ್ಲಿರುತ್ತೇನೆ ಅಂತಲೂ ಗೊತ್ತಿತ್ತು.

ತಟ್ಟೆ ತೆಗೆದೆ. ಅದು ಸಿಂಕಿಗೆ ತಾಗಿ ಸದ್ದಾಯಿತು.

"ಏಕಾ" ಅಂದಳು ಅಕ್ಕ. ಎಷ್ಟು ದಿನದ ಮೇಲೆ ನನ್ನ ಹೆಸರು! ನಾನು ತಟ್ಟೆ ಹಿಡಿದೇ ಬಾಗಿಲಿಗೆ ಬಂದೆ. ಅವಳು ಬಟ್ಟೆ ಹಿಂಡುತ್ತಾ, ಮಗುವಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು:

"ಇವಳಿಗೆ ಏನಾದರೂ ಆಗಲಿ. ಆಮೇಲೂ ನೀನು ಹೀಗೇ ಹೊತ್ತು ಹೊತ್ತಿಗೆ ಕೂತು ಉಣ್ಣು."

ವಾಪಸ್ ಬಂದು ಎರಡು ಸೌಟು ಅನ್ನ ಹಾಕಿಕೊಂಡೆ, ಮೇಲೆ ಮಜ್ಜಿಗೆ. ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ಕೆಳಗೆ ಭಾವನ ಸ್ಕೂಟರ್ ಬಂದ ಹಾಗೆ ಕೇಳಿಸಿತು. ಅಲ್ಲ, ಬೇರೆ ಯಾರದೋ. ಅನ್ನ ಕಲಸಿದೆ. ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಇನ್ನೊಂದು ತುತ್ತು ತೆಗೆದುಕೊಂಡೆ.